ಘಾನಾದಲ್ಲಿ ಕಂಪನಿ ಖಾತೆ ತೆರೆಯುವುದು: ಗೇರುಬೀಜ ಖರೀದಿಗೆ ಇಳಿಯುವವರಿಗೆ

ಶೆಟ್ರೇ, ಮಧ್ಯವರ್ತಿಗಳ ಕೈಯಿಂದ ಬೀಜ ತೆಗೆದು ಸಾಕಾಗಿದೆ, ಘಾನಾದಲ್ಲೇ ಸಣ್ಣ ಕಂಪನಿ ಮಾಡಿ ಕಾರ್ಕಳದ ಫ್ಯಾಕ್ಟರಿಗೆ ನೇರ ಖರೀದಿ ಮಾಡಬೇಕು, ಅಲ್ಲಿ ಬ್ಯಾಂಕ್ ಖಾತೆ ತೆರೆಯುವುದು ಹೇಗೆ ಅಂತ ಕೇಳಿದ್ದೀರಿ. ಒಬ್ಬರು ಆಗಲೇ "ಪಾಸ್‌ಪೋರ್ಟ್ ಹಿಡ್ಕೊಂಡು ಹೋದ್ರೆ ಅದೇ ದಿನ ಆಗ್ತದೆ" ಅಂತ ಉತ್ತರ ಬರೆದಿದ್ದಾರೆ. ಹಾಗೆಲ್ಲ ಆಗುವುದಿಲ್ಲ ಮಾರಾಯ್ರೆ. ನಾನು ಘಾನಾದ ರಾಜಧಾನಿ ಅಕ್ರಾದಲ್ಲಿ ಗೇರು ಖರೀದಿ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವ, ಆದ್ದರಿಂದ ಸ್ವಲ್ಪ ಉದ್ದವಾದರೂ ಬರೆಯುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ. ನಮ್ಮ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತಲ್ಲ, ಆ ಬರೋಡಾ ಬ್ಯಾಂಕ್ ಅಕ್ರಾದಲ್ಲೂ ಉಂಟು, ಮಂಗಳೂರಿನ ಮ್ಯಾನೇಜರ್ ಒಂದು ಫೋನ್ ಮಾಡಿದರೆ ಸಾಕು ಅಂತ ನಂಬಿದವರು ಈಗಲೂ ಸಿಗುತ್ತಾರೆ. ಈಗ ಅಲ್ಲಿ ಬರೋಡಾ ಇಲ್ಲ. ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಘಾನಾ 2018ರ ಕೊನೆಯೊಳಗೆ ಪ್ರತಿ ಬ್ಯಾಂಕೂ 40 ಕೋಟಿ ಸೀಡಿ (ಸೀಡಿ ಅಂದರೆ ಅಲ್ಲಿನ ದುಡ್ಡು) ಕನಿಷ್ಠ ಬಂಡವಾಳ ಇಡಬೇಕು ಅಂದಾಗ ಬರೋಡಾ ಆ ದೇಶ ಬಿಟ್ಟಿತು. ಹಾಗಾಗಿ ಎಕೋಬ್ಯಾಂಕ್, ಜಿಸಿಬಿ, ಸ್ಟ್ಯಾನ್‌ಬಿಕ್, ಆಬ್ಸಾ, ಫಿಡೆಲಿಟಿ ಇಂಥವುಗಳಲ್ಲೇ ಒಂದನ್ನು ಆರಿಸಿಕೊಳ್ಳಬೇಕು. ಆರಿಸುವಾಗ ಅಕ್ರಾದ ಶಾಖೆಯ ಏಸಿ, ಸೋಫಾ ನೋಡಬೇಡಿ. ಬೀಜ ಹೆಚ್ಚಾಗಿ ಸಿಗುವುದು ಬೋನೊ, ಬೋನೊ ಈಸ್ಟ್ ಪ್ರಾಂತ್ಯಗಳಲ್ಲಿ. ಸಾಂಪಾ, ವೆಂಚಿ, ಟೆಚಿಮಾನ್ ಕಡೆ ಶಾಖೆ ಉಂಟಾ, ಸೀಸನ್‌ನಲ್ಲಿ ಅಲ್ಲಿ ದೊಡ್ಡ ಮೊತ್ತದ ನಗದು ಕೊಡುತ್ತಾರಾ ಅಂತ ಕೇಳಿ.

ಇನ್ನು ನಿಜವಾದ ತೊಡಕು. ಖಾತೆಗೆ ಬೇಕಾದ ಕಾಗದಗಳು ಒಂದನ್ನೊಂದು ಕಾಯುತ್ತವೆ. 2022ರ ಜುಲೈ 1ರಿಂದ ಅಲ್ಲಿ ಬ್ಯಾಂಕ್ ವ್ಯವಹಾರಕ್ಕೆಲ್ಲ ಘಾನಾ ಕಾರ್ಡ್ ಒಂದೇ ಗುರುತಿನ ಚೀಟಿ. ಅಲ್ಲಿ ನೆಲೆಸುವ ವಿದೇಶಿಯರಿಗೆ ಬೇರೆ ಬಗೆಯ ಕಾರ್ಡ್ ಉಂಟು, ಆದರೆ ಅದಕ್ಕೆ ವಾಸದ ಪರವಾನಗಿ ಬೇಕು. ಪರವಾನಗಿಗೆ ಹೂಡಿಕೆ ಉತ್ತೇಜನ ಕೇಂದ್ರದಲ್ಲಿ, ಅಂದರೆ ಜಿಐಪಿಸಿಯಲ್ಲಿ, ನೋಂದಣಿ ಆಗಬೇಕು. ಜಿಐಪಿಸಿಯವರು ಬಂಡವಾಳ ಬ್ಯಾಂಕಿಗೆ ಬಂದ ಪುರಾವೆ ಕೇಳುತ್ತಾರೆ. ಬಂಡವಾಳ ಬರಲು ಖಾತೆ ಬೇಕು!

ಈ ಗಂಟು ಬಿಡಿಸುವ ದಾರಿ ಘಾನಾದ ಕಂಪನಿ ಕಾಯ್ದೆಯಲ್ಲೇ ಉಂಟು. 2019ರ ಕಾಯ್ದೆ ಪ್ರಕಾರ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು, ಅವರಲ್ಲಿ ಒಬ್ಬರಾದರೂ ಘಾನಾದಲ್ಲೇ ಇರುವವರಾಗಿರಬೇಕು. ಜೊತೆಗೆ ಅರ್ಹತೆಯಿರುವ ಕಂಪನಿ ಸೆಕ್ರೆಟರಿ ಮತ್ತು ಆಡಿಟರ್. ಅಲ್ಲಿನ ನಿರ್ದೇಶಕರ ಘಾನಾ ಕಾರ್ಡ್, ನಿಮ್ಮ ಪಾಸ್‌ಪೋರ್ಟ್, ಇವೆರಡರ ಮೇಲೆ ಖಾತೆ ತೆರೆದು, ನಿಮ್ಮ ಕಾರ್ಡ್ ಬರುವವರೆಗೆ ಬಂಡವಾಳ ಜಮೆಗೆ ಮಾತ್ರ ಬಿಡುವ ಬ್ಯಾಂಕ್‌ಗಳು ಉಂಟು, ಒಪ್ಪದವೂ ಉಂಟು. ಟಿಕೆಟ್ ಮಾಡುವ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಎಲ್ಲರೂ "ನೋ ಪ್ರಾಬ್ಲಮ್" ಅಂತಾರೆ.

ಕಾಗದಗಳು ಇವಿಷ್ಟು: ನೋಂದಣಿ ಪ್ರಮಾಣಪತ್ರ, ಕಂಪನಿಯ ಸಂವಿಧಾನ (ಅಂದರೆ ಅದರ ನಿಯಮಾವಳಿ), ತೆರಿಗೆ ಸಂಖ್ಯೆ, ಖಾತೆ ತೆರೆಯಲು ನಿರ್ದೇಶಕರ ಮಂಡಳಿಯ ನಿರ್ಣಯ, ಕಂಪನಿಯ ನಿಜವಾದ ಒಡೆಯರು ಯಾರು ಅನ್ನುವ ಘೋಷಣೆ, ಕಚೇರಿಯ ಬಾಡಿಗೆ ಕರಾರು ಅಥವಾ ಕರೆಂಟ್ ಬಿಲ್. ಕೆಲವು ಕಡೆ ಅದೇ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಇರುವವರ ಪರಿಚಯ ಪತ್ರವನ್ನೂ ಕೇಳುತ್ತಾರೆ. ವಿಳಾಸಕ್ಕೆ ಬೀದಿ ಹೆಸರು ಬರೆದರೆ ನಡೆಯುವುದಿಲ್ಲ. ಘಾನಾಪೋಸ್ಟ್ ಜಿಪಿಎಸ್ ಅಂತ ಆ್ಯಪ್ ಉಂಟು, ಕಚೇರಿಯ ಬಾಗಿಲಲ್ಲಿ ನಿಂತು ಅದನ್ನು ತೆರೆದರೆ ಎರಡು ಅಕ್ಷರ ಮತ್ತು ಅಂಕೆಗಳ ಡಿಜಿಟಲ್ ವಿಳಾಸ ಬರುತ್ತದೆ. ಅದನ್ನೇ ಎಲ್ಲ ಅರ್ಜಿಗಳಲ್ಲೂ ಒಂದೇ ರೀತಿ ಬರೆಯಿರಿ.

ಸಹಿ ಮಾದರಿಯ ಕಾರ್ಡ್ ತುಂಬುವಾಗ ಆತುರ ಬೇಡ. ಯಾರೊಬ್ಬರ ಸಹಿ ಇದ್ದರೂ ಸಾಕಾ, ಇಬ್ಬರದೂ ಬೇಕಾ ಅಂತ ಒಂದು ಚೌಕದಲ್ಲಿ ಗುರುತು ಹಾಕಬೇಕು. ಇಬ್ಬರದೂ ಬೇಕು ಅಂತಲೇ ಹಾಕಿ. ಆನ್‌ಲೈನ್ ವ್ಯವಹಾರಕ್ಕೂ ಒಬ್ಬರು ದಾಖಲಿಸಿ ಇನ್ನೊಬ್ಬರು ಒಪ್ಪುವ ವ್ಯವಸ್ಥೆ ಕೇಳಿ, ನೀವು ಕಾರ್ಕಳದಲ್ಲಿ ಕೂತೇ ಒಪ್ಪಿಗೆ ಕೊಡಬಹುದು. ಪಾಸ್‌ಪೋರ್ಟಿನಲ್ಲಿ ಕನ್ನಡದಲ್ಲಿ ಸಹಿ ಮಾಡಿದ್ದರೆ ಇಲ್ಲೂ ಕನ್ನಡದಲ್ಲೇ ಮಾಡಿ. ಅಲ್ಲಿನವರಿಗೆ ಓದಲು ಬರುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಹಾಕಿದರೆ ಪಾಸ್‌ಪೋರ್ಟಿನ ಸಹಿಗೆ ತಾಳೆಯಾಗದೆ ಅರ್ಜಿ ವಾಪಸ್ ಬರುತ್ತದೆ.

ನೀವು ಒಂದು ಖಾತೆ ಅಂದಿದ್ದೀರಿ, ವಾಸ್ತವದಲ್ಲಿ ಕನಿಷ್ಠ ಎರಡು ಬೇಕು. ಒಂದು ಸೀಡಿ ಖಾತೆ. ಇನ್ನೊಂದು ಡಾಲರಿನದು, ಅದರಲ್ಲಿ ಎರಡು ಜಾತಿ: ಎಫ್‌ಇಎ (ಫಾರಿನ್ ಎಕ್ಸ್‌ಚೇಂಜ್ ಅಕೌಂಟ್) ಮತ್ತು ಎಫ್‌ಸಿಎ (ಫಾರಿನ್ ಕರೆನ್ಸಿ ಅಕೌಂಟ್). ಒಂದು ಹೊರದೇಶದಿಂದ ಬಂದ ದುಡ್ಡಿಗೆ, ಇನ್ನೊಂದು ಘಾನಾದ ಒಳಗೇ ಸಿಕ್ಕಿದ ಡಾಲರಿಗೆ. ಹೊರದೇಶದಿಂದ ಬಂಡವಾಳ ತರಿಸಲು ಯಾವುದು ಅಂತ ಬ್ಯಾಂಕಿನವರನ್ನೇ ಕೇಳಿ. ನಿಮಗೆ ಬೇಕಾದದ್ದು ಅದು. ಫಾರಂನಲ್ಲಿ ಸುಮ್ಮನೆ "ಡಾಲರ್ ಖಾತೆ" ಅಂತ ಬರೆದು ಬರಬೇಡಿ.

ಬಂಡವಾಳ ಎಷ್ಟು ಬೇಕು ಅನ್ನುವುದರಲ್ಲಿ ಸುಮಾರು ಜನ ಹೆದರಿ ಹಿಂದೆ ಸರಿಯುತ್ತಾರೆ. 2013ರ ಜಿಐಪಿಸಿ ಕಾಯ್ದೆಯಲ್ಲಿ ಘಾನಾದವರ ಜೊತೆ ಪಾಲುದಾರಿಕೆಗೆ 2 ಲಕ್ಷ ಡಾಲರ್, ಪೂರ್ತಿ ವಿದೇಶಿ ಕಂಪನಿಗೆ 5 ಲಕ್ಷ, ವ್ಯಾಪಾರಕ್ಕೆ 10 ಲಕ್ಷ ಅಂತ ಇಟ್ಟಿದ್ದಾರೆ. ಆದರೆ ಅದೇ ಕಾಯ್ದೆ ರಫ್ತು ವ್ಯಾಪಾರಕ್ಕೂ ತಯಾರಿಕೆಗೂ ಈ ಮಿತಿಯಿಂದ ವಿನಾಯಿತಿ ಕೊಟ್ಟಿದೆ. ನೀವು ಬೀಜ ಕೊಂಡು ಹಡಗಿಗೆ ಹಾಕುವವರು, ಹಾಗಾಗಿ ಕಂಪನಿಯ ಉದ್ದೇಶದಲ್ಲಿ ರಫ್ತು ಅಂತ ಸ್ಪಷ್ಟವಾಗಿ ಬರೆಸಿ. ಸ್ಥಳೀಯ ಮಾರಾಟವನ್ನೂ ಸೇರಿಸಿದಿರೋ, 10 ಲಕ್ಷದ ಪ್ರಶ್ನೆ ಏಳುತ್ತದೆ. ಆದರೂ ವಿದೇಶಿ ಸಿಬ್ಬಂದಿಗಿರುವ ಕೋಟಾದಡಿ ನಿಮ್ಮ ಕಡೆಯ ಒಬ್ಬ ಮನುಷ್ಯ ಅಲ್ಲಿರಬೇಕಾದರೆ ಕನಿಷ್ಠ 50,000 ಡಾಲರ್ ಬಂಡವಾಳ ತೋರಿಸಬೇಕು. ಈ ಮಿತಿಗಳನ್ನು ತೆಗೆಯುವ ಮಾತು ಸರ್ಕಾರದ ಮಟ್ಟದಲ್ಲೇ ನಡೆದಿದೆ, ಹೋಗುವ ಮೊದಲು ಆಗಿನ ನಿಯಮ ಕೇಳಿಕೊಳ್ಳಿ. ಖರ್ಚು ಉಳಿಸಲು ಅಲ್ಲಿಯವರ ಹೆಸರಲ್ಲಿ ಬೇನಾಮಿ ಮಾಡುವ ಸಲಹೆಯೂ ಸಿಗುತ್ತದೆ. ದುಡ್ಡು ನಿಮ್ಮದು, ಖಾತೆ ಅವರದು. ಜಗಳ ಬಂದ ದಿನ ನಿಮ್ಮ ಹತ್ತಿರ ತೋರಿಸಲು ಕಾಗದವೇ ಇರುವುದಿಲ್ಲ.

ಬಂಡವಾಳ ಕಳಿಸುವಾಗ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಸ್ವಿಫ್ಟ್ ಸಂದೇಶದ ಉದ್ದೇಶದ ಕಾಲಂನಲ್ಲಿ "ಈಕ್ವಿಟಿ ಕ್ಯಾಪಿಟಲ್" ಅಂತಲೇ ಇರಬೇಕು. ಅದನ್ನು ನೋಡಿಯೇ ಅಲ್ಲಿನ ಬ್ಯಾಂಕಿನವರು ಬ್ಯಾಂಕ್ ಆಫ್ ಘಾನಾಕ್ಕೆ ವರದಿ ಮಾಡುವುದು, ಜಿಐಪಿಸಿಗೆ ಬೇಕಾದ ದೃಢೀಕರಣ ಬರುವುದೂ ಆ ದಾರಿಯಲ್ಲೇ. ಇಲ್ಲಿನ ಕ್ಲರ್ಕ್ "ಅಡ್ವಾನ್ಸ್ ಫಾರ್ ಕ್ಯಾಶ್ಯೂ" ಅಂತ ಹಾಕಿದರೆ ಅದು ಬಂಡವಾಳ ಅಲ್ಲ, ಸರಕಿನ ಮುಂಗಡ. ಸ್ಲಿಪ್ ಓದದೆ ಸಹಿ ಹಾಕಬೇಡಿ.

ಬಂದ ಡಾಲರನ್ನೆಲ್ಲ ಒಂದೇ ಸಲ ಸೀಡಿ ಮಾಡಲೂ ಬೇಡಿ. 2022ರಲ್ಲಿ ಸೀಡಿ ಕುಸಿಯಿತು. 2025ರ ಏಪ್ರಿಲ್–ಮೇಯಲ್ಲಿ ಸೀಸನ್ ನಡುವೆಯೇ ಡಾಲರಿಗೆ 15ರ ಆಸುಪಾಸಿನಿಂದ 10ರ ಹತ್ತಿರಕ್ಕೆ ಗಟ್ಟಿಯಾಯಿತು. ವಾರದ ಖರೀದಿಗೆ ಬೇಕಾದಷ್ಟೇ ಬದಲಾಯಿಸಿ. ರೈತರಿಗಾಗಲಿ ಏಜೆಂಟರಿಗಾಗಲಿ ಡಾಲರಿನಲ್ಲಿ ಕೊಡುವಂತಿಲ್ಲ, ಅದು ಅಲ್ಲಿ ಅಪರಾಧ. ಒಂದು ನಲವತ್ತು ಅಡಿ ಕಂಟೇನರಿಗೆ 24 ಟನ್, ಕಿಲೋಗೆ 15 ಸೀಡಿ ಅಂತ ಲೆಕ್ಕ ಹಾಕಿದರೂ 3,60,000 ಸೀಡಿ. ಅಲ್ಲಿನ ಅತಿ ದೊಡ್ಡ ನೋಟು 200ರದು, ಅಂದರೆ 1,800 ನೋಟು. ಇಷ್ಟು ನಗದು ಬೇಕಾದರೆ ಶಾಖೆಗೆ ಮೊದಲೇ ಹೇಳಿಡಬೇಕು. ಈಗ ಮೊಮೊದಲ್ಲಿ, ಅಂದರೆ ಮೊಬೈಲ್ ಹಣದಲ್ಲಿ, ತೆಗೆದುಕೊಳ್ಳುವ ರೈತರೂ ಇದ್ದಾರೆ. ಅದರ ಮೇಲಿದ್ದ ಇ-ಲೆವಿ ತೆರಿಗೆ 2025ರಲ್ಲಿ ರದ್ದಾಗಿದೆ, ಕಂಪನಿ ಖಾತೆಗೆ ಮೊಮೊ ಜೋಡಿಸಿಕೊಂಡರೆ ಚೀಲದಲ್ಲಿ ದುಡ್ಡು ಹೊತ್ತು ತಿರುಗುವ ಭಯ ಕಡಿಮೆ.

ಗೇರಿನಂಥ ಮರಬೆಳೆಗಳನ್ನು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಟ್ರೀ ಕ್ರಾಪ್ಸ್ ಡೆವಲಪ್‌ಮೆಂಟ್ ಅಥಾರಿಟಿಯ ಪರವಾನಗಿ ಬೇರೆ ಬೇಕು, ರೈತರಿಗೆ ಕೊಡಬೇಕಾದ ಕನಿಷ್ಠ ದರ ನಿಗದಿ ಮಾಡುವವರೂ ಅವರೇ. ರಫ್ತಿನ ದುಡ್ಡು 60 ದಿನದೊಳಗೆ ಘಾನಾದ ಖಾತೆಗೆ ಬರುತ್ತದೆ ಅಂತ ಬ್ಯಾಂಕ್ ಮೂಲಕ ಬದ್ಧತಾ ಪತ್ರ ಕೊಡಬೇಕು. ನೀವೇ ಕೊಳ್ಳುವವರು, ನೀವೇ ಮಾರುವವರು ಆದರೂ ಕಾರ್ಕಳದ ಫ್ಯಾಕ್ಟರಿ ಆ ಕಂಪನಿಗೆ ಬಿಲ್ಲಿನ ದುಡ್ಡು ಕಳಿಸಲೇಬೇಕು.

ಬೆನಿನ್ ದೇಶದಿಂದ ಬೀಜ ತರುವ ಬಗ್ಗೆಯೂ ಕೇಳಿದ್ದಿರಿ. 2024ರ ಏಪ್ರಿಲ್‌ನಿಂದ ಅಲ್ಲಿ ಕಚ್ಚಾ ಬೀಜದ ರಫ್ತೇ ನಿಂತಿದೆ, ಬಿಟ್ಟುಬಿಡಿ.

ಕೊನೆಗೆ ಊರಿನ ಕಡೆಯ ಕೆಲಸ. ನಿಮ್ಮದು ನೋಂದಾಯಿತ ಪಾಲುದಾರಿಕೆ ಸಂಸ್ಥೆಯಾದರೂ ಹೊರದೇಶದಲ್ಲಿ ಹೂಡಬಹುದು, ಭಾರತದ 2022ರ ಹೊರದೇಶ ಹೂಡಿಕೆ ನಿಯಮಗಳಲ್ಲಿ ಅವಕಾಶ ಉಂಟು. ಆದರೆ ದುಡ್ಡು ಹೋಗುವ ಮೊದಲೇ ಬ್ಯಾಂಕಿನಲ್ಲಿ ಫಾರಂ ಎಫ್‌ಸಿ ಕೊಟ್ಟು ಆ ಹೂಡಿಕೆಯ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಪಡೆಯಬೇಕು, ಆಮೇಲೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಆ ಕಂಪನಿಯ ವರದಿ ಸಲ್ಲಿಸಬೇಕು. ಅಲ್ಲಿನ ಖಾತೆಗೆ ನಿಮ್ಮ ಸಹಿ ಇದ್ದರೆ ನಿಮ್ಮ ಸ್ವಂತ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊರದೇಶದ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎಯಲ್ಲೂ ಅದನ್ನು ತೋರಿಸಬೇಕು. ಇದೆಲ್ಲ ಊರಿನ ಸಣ್ಣ ಶಾಖೆಯಲ್ಲಿ ಕೇಳಿದರೆ ಮುಖ ಮುಖ ನೋಡುತ್ತಾರೆ, ಮಂಗಳೂರಿನ ಫಾರೆಕ್ಸ್ ಶಾಖೆಗೆ ನೇರ ಹೋಗಿ. ಬೀಜ ಫೆಬ್ರವರಿಗೆ ಶುರು, ಆದ್ದರಿಂದ ಕಂಪನಿ ನೋಂದಣಿಯನ್ನು ಹಿಂದಿನ ಮಳೆಗಾಲದಲ್ಲೇ ಹಿಡಿಯಿರಿ.