ಸತ್ತವರ ಸೀರೆ ತಂದವರ ಹತ್ತಿರ ದುಡ್ಡು ಹೇಗೆ ಕೇಳೋದು?

ನಾನು ಆಪ್ತಸಲಹೆಗಾರ್ತಿ. ಇದು ನನ್ನ ಹತ್ತಿರ ಬಂದ ಒಬ್ಬ ಹೆಂಗಸಿನ ಕತೆ. ಹೆಸರು ಬದಲಿಸಿದ್ದೇನೆ. ಊರು, ಅಂಗಡಿ ಯಾವುದು ಅಂತ ಹೇಳುವುದಿಲ್ಲ. ಬರೆಯಲು ಅವರ ಒಪ್ಪಿಗೆ ಇದೆ. ಮನೆಯಲ್ಲಿ ಬ್ಲೌಸ್ ಹೊಲಿಯುವವರು, ಪಾರ್ಲರ್‌ನಲ್ಲಿ ಕೆಲಸ ಮಾಡುವವರು, ಬಾಣಂತಿಯರಿಗೆ ನೀರು ಹಾಕುವವರು, ಹೀಗೆ ಎಷ್ಟೋ ಹೆಂಗಸರು ಮಾಡಿದ ಕೆಲಸಕ್ಕೆ ದುಡ್ಡು ಕೇಳಲಾಗದ ಇದೇ ಸಂಕಟ ಹೊತ್ತು ನನ್ನ ಹತ್ತಿರ ಬರುತ್ತಲೇ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶಾಂತಕ್ಕ ಅನ್ನೋಣ. ನಲವತ್ತಾರು ವರ್ಷ. ಉತ್ತರ ಕರ್ನಾಟಕದ ಒಂದು ಪಟ್ಟಣದಲ್ಲಿ ಕೌದಿ (ಹಳೆ ಬಟ್ಟೆ ಜೋಡಿಸಿ ಹೊಲಿದ ಹೊದಿಕೆ) ಅಂಗಡಿಯ ಕೆಲಸ, ಆರು ವರ್ಷದಿಂದ. ಗಿರಾಕಿಗಳು ಮನೆಯ ಹಳೆ ಸೀರೆ, ಧೋತರ ತಂದು ಕೊಡುತ್ತಾರೆ. ಶಾಂತಕ್ಕ ಅಳತೆ, ದರ ಬರೆದುಕೊಂಡು, ಊರಲ್ಲಿ ಹೊಲಿಯುವ ಹೆಂಗಸರಿಗೆ ಹಂಚುತ್ತಾರೆ. ವಾಪಸ್ ಬಂದದ್ದನ್ನು ನೋಡಿ, ಸರಿ ಮಾಡಿ ಕೊಡುತ್ತಾರೆ. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ, ಎದೆ ಬಿಗಿಯುತ್ತೆ. ಡಾಕ್ಟರು ಬಿಪಿ, ಥೈರಾಯ್ಡ್ ಎಲ್ಲ ನೋಡಿ ಏನೂ ಇಲ್ಲ ಅಂದಿದ್ದರು. ಮಗಳೇ ಕರೆದುಕೊಂಡು ಬಂದಳು. "ಆ ಕೆಲಸ ಬಿಡಸ್ರೀ ಮೇಡಂ" ಅಂದಳು.

ಮೊದಲ ಸಲ ನಾನೇ ಎಡವಿದೆ. "ಬಣ್ಣ ಬಣ್ಣದ ಬಟ್ಟೆ ನಡುವೆ ಇರುವ ಕೆಲಸ, ನಿಮಗೂ ಇಷ್ಟ ಅಲ್ವಾ?" ಅಂದುಬಿಟ್ಟೆ. ಅವರು "ಹೌದ್ರಿ" ಅಂದರು. ಆಮೇಲೆ ಅರ್ಧ ಗಂಟೆ ಮಾತೇ ಇಲ್ಲ.

ಎರಡನೇ ಸಲ ಅವರಾಗಿಯೇ ಬಾಯಿಬಿಟ್ಟರು. ಕೆಲಸ ಇಷ್ಟ ಅನ್ನುವುದು ಸುಳ್ಳೇನಲ್ಲ. ಟಾಕಿ, ಅಂದರೆ ಹೊಲಿಗೆ, ನೋಡಿದರೆ ಸಾಕು, ಯಾರ ಕೈ ಅಂತ ಹೇಳುತ್ತಾರೆ. ಇಳಕಲ್ ಸೀರೆಯ ಕೆಂಪು ಸೆರಗು ಸಿಕ್ಕರೆ ಅದನ್ನು ನಡುವಿಗೇ ಹಾಕಿಸಬೇಕು, ಬಣ್ಣ ಮಾಸಿದ ಖಣ (ಕುಪ್ಪಸದ ಬಟ್ಟೆ) ಅದರ ಸುತ್ತ ಬರಬೇಕು ಅಂತ ಕೈಯಲ್ಲೇ ಗಾಳಿಯಲ್ಲಿ ಬರೆದು ತೋರಿಸಿದರು. ಅಂಗಡಿಗೆ ಹಳಿಯಾಳದ ಕಡೆಯಿಂದ ಸಿದ್ದಿ ಸಮುದಾಯದ ಹೆಂಗಸರು ಹೊಲಿದ ಕವಂದಿ ಅನ್ನುವ ಕೌದಿಯೂ ಬರುತ್ತದೆ. ಅದನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಹೂವಿನಂತೆ ಮಡಚಿದ ಚೂರು ಬಟ್ಟೆ ಕೂರಿಸುತ್ತಾರೆ. ಅದರ ಬಗ್ಗೆ ಹೇಳುವಾಗ ಶಾಂತಕ್ಕನ ಮುಖ ಅರಳಿತ್ತು. ಅವರ ಅವ್ವ ಕೌದಿಯ ಕೊನೆಯ ತುಂಡು ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದರಂತೆ. ಕೌದಿ ಹಸಿದಿರಬಾರದು ಅಂತ. ಇರುವೆ ಬರುತ್ತವೆ ಅಂತ ಮಾಲೀಕರು ಬೇಡ ಅಂದಿದ್ದಾರೆ. ಈಗ ಶಾಂತಕ್ಕ ನಾಲ್ಕು ಕಾಳು ಅಕ್ಕಿ ಹಾಕುತ್ತಾರೆ.

ಬೇಜಾರು ಅನ್ನುವುದೂ ಇತ್ತು. ಐದು ಜನ ಬಂದು ಇಪ್ಪತ್ತು ಕೌದಿ ಬಿಚ್ಚಿಸಿ, ಫೋಟೋ ತೆಗೆದು ಹೋಗುತ್ತಾರೆ. ಅಷ್ಟು ಭಾರದ್ದನ್ನು ಒಂದೊಂದಾಗಿ ಮಡಚಿಡುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. "ಸೀರೆ ನಮ್ಮದೇ, ಬರೀ ಹೊಲಿಗೆಗೆ ಇಷ್ಟಾ?" ಅನ್ನುವ ಮಾತು ದಿನಕ್ಕೊಮ್ಮೆ ಕೇಳಲೇಬೇಕು. ಇದೆಲ್ಲ ಇದ್ದದ್ದೇ ಅಂದರು. ಆದರೆ ರಾತ್ರಿ ಮೂರಕ್ಕೆ ಎಬ್ಬಿಸುತ್ತಿದ್ದದ್ದು ಇದಲ್ಲ.

ಮೂರನೇ ಸಲ ಆರ್ಡರ್ ಪುಸ್ತಕ ತನ್ನಿ ಅಂದಿದ್ದೆ. ಎಷ್ಟು ಕೆಲಸ ಬೀಳುತ್ತದೆ ಅಂತ ನೋಡೋಣ ಅಂತ ಅಷ್ಟೇ. ಉದ್ದನೆಯ ಪುಸ್ತಕ, ರಟ್ಟಿಗೆ ನೂಲಿನ ಚೂರು ಅಂಟಿಕೊಂಡಿತ್ತು. ಪುಟ ತಿರುಗಿಸುವಾಗ ಕೆಲವು ಹೆಸರುಗಳ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣ ಚುಕ್ಕೆ ಕಂಡಿತು. ಇದೇನು ಅಂತ ಕೇಳಿದೆ. ಅವರು ಸೆರಗಿನ ತುದಿ ಬೆರಳಿಗೆ ಸುತ್ತತೊಡಗಿದರು.

ದರ ಮಾಲೀಕರು ಗೊತ್ತು ಮಾಡಿದ್ದು. ಕಡಿಮೆ ಮಾಡುವ ಹಕ್ಕು ಶಾಂತಕ್ಕನಿಗೆ ಇಲ್ಲ. ಚುಕ್ಕೆ ಇಟ್ಟ ಗಿರಾಕಿಗಳಿಗೆ ಮುನ್ನೂರು ರೂಪಾಯಿ ಬಿಟ್ಟು, ಆ ಮುನ್ನೂರನ್ನು ತಮ್ಮ ಕೈಯಿಂದ ಗಲ್ಲಾಪೆಟ್ಟಿಗೆಗೆ ಹಾಕಿದ್ದರು. ಏಳು ತಿಂಗಳಲ್ಲಿ 19 ಚುಕ್ಕೆ. 5,700 ರೂಪಾಯಿ. ತಿಂಗಳ ಸಂಬಳ 9,000. ಗಂಡನಿಗೆ ಗೊತ್ತಿಲ್ಲ, ಮಗಳಿಗೆ ಗೊತ್ತಿಲ್ಲ. ಸಂಘದಲ್ಲಿ ಸಾಲ ಮಾಡಿದ್ದಾರೆ.

"ಇವರೆಲ್ಲ ಬಡವರಾ?"

"ಅಲ್ರೀ. ಸತ್ತವರ ಅರಿವಿ ತಂದವರು. ಅವ್ವನ ಸೀರಿ, ಅತ್ತಿ ಸೀರಿ. ಗಂಟು ಬಿಚ್ಚತಾರ, ಅಳತಾರ. ಅವರ ಹತ್ರ ರೊಕ್ಕ ಹೆಂಗ ಕೇಳೂದ್ರೀ ಮೇಡಂ?"

ನಾನು ಸುಮ್ನೆ ಕೂತೆ. ಆ ಮಾತಿಗೆ ತಕ್ಷಣ ಉತ್ತರ ಕೊಡುವುದು ಸರಿ ಅನ್ನಿಸಲಿಲ್ಲ. ಆಮೇಲೆ ಒಂದೊಂದೇ ಚುಕ್ಕೆ ಮೇಲೆ ಬೆರಳಿಟ್ಟು ಕೇಳಿದೆ: ಇವರು ಕಡಿಮೆ ಮಾಡಿ ಅಂದರಾ? ಇವರು? ಇವರು? ಅವರಿಗೆ ಎಲ್ಲ ನೆನಪಿತ್ತು. ಯಾವ ಬಣ್ಣದ ಸೀರೆ, ಯಾರದು ಅಂತ ಸಹ. ಕೊನೆಗೆ ಎಣಿಸಿದೆವು. ಹತ್ತೊಂಬತ್ತರಲ್ಲಿ ಹನ್ನೊಂದು ಜನ ಚೌಕಾಸಿಯೇ ಮಾಡಿರಲಿಲ್ಲ. ದರ ಹೇಳುವ ಮೊದಲೇ ಶಾಂತಕ್ಕ ತಾವಾಗಿ ಕಡಿಮೆ ಮಾಡಿದ್ದರು.

"ಹೊಲಿಯುವವರಿಗೂ ಕಡಿಮೆ ಕೊಟ್ಟಿರಾ?"

"ಏ, ಇಲ್ರೀ!" ಅವರ ದನಿಯಲ್ಲಿ ಸಿಟ್ಟು ಇತ್ತು. "ಆಕಿ ಬೆರಳ ನೋಡೀನಿ ನಾ. ಹೆಂಗ ಕಡಿಮಿ ಕೊಡ್ಲಿ?"

"ನಿಮ್ಮ ಸಂಬಳದಿಂದ ಹೇಗೆ ತೆಗೆದಿರಿ ಮತ್ತೆ?"

ಬಹಳ ಹೊತ್ತು ಪುಸ್ತಕ ನೋಡುತ್ತಾ ಕೂತರು. "ನನಗ ಈ ಕೆಲಸ ಸೇರತದಲ್ರೀ. ಅದಕ್ಕ" ಅಂದರು.

ನನ್ನನ್ನು ಕಲಕಿದ್ದು ಆ ಮಾತು. ಮೊದಲ ದಿನ ನಾನು ಹೇಳಿದ್ದೂ ಅದನ್ನೇ ಅಲ್ವಾ? ಇಷ್ಟದ ಕೆಲಸ ಅಂದಮೇಲೆ ಸ್ವಲ್ಪ ಕಡಿಮೆ ಕೊಟ್ಟರೂ ನಡೆಯುತ್ತೆ, ಸ್ವಲ್ಪ ಕೈಯಿಂದ ಹಾಕಿದರೂ ನಡೆಯುತ್ತೆ ಅಂತ ನಾವೆಲ್ಲ ನಂಬಿದ್ದೇವೆ. ಹೆಂಗಸರ ಕೈಕೆಲಸ ಅಂದರಂತೂ ಈ ನಂಬಿಕೆ ಇನ್ನೂ ಜಾಸ್ತಿ. ಮನೆಯಲ್ಲಿ ಪುಕ್ಕಟೆ ಮಾಡಿದ ಕೆಲಸಕ್ಕೆ ಅಂಗಡಿಯಲ್ಲಿ ದುಡ್ಡು ಕೇಳುವಾಗ ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತದೆ. ಆದರೆ ಇಷ್ಟ ಅನ್ನುವುದು ಸಂಬಳದ ಭಾಗವಲ್ಲ. ನಾನು ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಕೆಲಸ ಬಿಡಿ ಅಂತ ನಾನು ಹೇಳಲಿಲ್ಲ. ಮಗಳಿಗೆ ಬೇಸರವಾಯಿತು. ಬಿಟ್ಟರೆ ನಿದ್ದೆ ಬರಬಹುದಿತ್ತು, ಆದರೆ ಮುಂದಿನ ಕೆಲಸದಲ್ಲೂ ಇದೇ ಚುಕ್ಕೆ ಬೀಳುತ್ತಿತ್ತು. ನಾನು ಕೊಟ್ಟ ಸಲಹೆ ತೀರಾ ಸಣ್ಣದು. ಗಂಟು ಬಿಚ್ಚುವ ಮೊದಲು ದರ ಹೇಳಿ. ಸೀರೆ ಹೊರಗೆ ಬಂದಮೇಲೆ ಕತೆ ಶುರುವಾಗುತ್ತೆ, ಆಗ ದರ ಹೇಳಲು ನಿಮಗೆ ಬಾಯಿ ಬರುವುದಿಲ್ಲ. ಒಂದೇ ಸಲ ಹೇಳಿ, ಆಮೇಲೆ ನಿಲ್ಲಿಸಿ. "ಬರೀ ಹೊಲಿಗೆ" ಅಂದರೆ ನಗಬೇಡಿ, ಎಷ್ಟು ದಿನದ ಕೆಲಸ ಅಂತ ಹೇಳಿ. ಅದಾದಮೇಲೆ ಎಷ್ಟು ಬೇಕಾದರೂ ಕೇಳಿಸಿಕೊಳ್ಳಿ. ಯಾರ ಸೀರೆ ಅಂತ ಕೇಳಿ, ಚುಕ್ಕೆಯ ಜಾಗದಲ್ಲಿ ಆ ಹೆಸರು ಬರೆಯಿರಿ. ಈ ವಾಕ್ಯಗಳನ್ನು ನನ್ನ ರೂಮಿನಲ್ಲಿ ಹತ್ತು ಸಲ ಹೇಳಿಸಿದೆ. ನಾಲ್ಕನೇ ಸಲದವರೆಗೂ ದರ ಹೇಳುವಾಗ ಅವರ ದನಿ ಕೆಳಗೆ ಇಳಿಯುತ್ತಿತ್ತು.

ಭಾನುವಾರವೂ ಅರ್ಧ ದಿನ ಅಂಗಡಿಗೆ ಹೋಗುತ್ತಿದ್ದರು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರದ್ದು, ವಾರಕ್ಕೊಂದು ರಜೆ ಅದರಲ್ಲೇ ಇದೆ ಅಂತ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ರಾತ್ರಿ ಎದೆ ಬಿಗಿದಾಗ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಮಾಡಿ ಅಂದೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಲದ ವಿಷಯ ಮನೆಯಲ್ಲಿ ಹೇಳಿ, ಮಾಲೀಕರಿಗೂ ಹೇಳಿ ಅಂದೆ. ಮಗಳಿಗೆ ಹೇಳಿದ್ದಾರೆ. ಮಾಲೀಕರಿಗೆ ಇನ್ನೂ ಹೇಳಿಲ್ಲ. ಅವರನ್ನು ಒತ್ತಾಯಿಸಲು ನಾನು ತಯಾರಿಲ್ಲ. ಕೆಲಸ ಹೋದರೆ ಹೋಗುವುದು ಅವರದು, ನನ್ನದಲ್ಲ.

ನನ್ನ ಜೊತೆಯ ಒಬ್ಬ ಆಪ್ತಸಲಹೆಗಾರ್ತಿ ಇದನ್ನು ಒಪ್ಪಲಿಲ್ಲ. ದುಃಖದಲ್ಲಿ ಇರುವವರ ಎದುರು ದರ ಹೇಳು ಅಂತ ಕಲಿಸಿದಿರಾ, ಶಾಂತಕ್ಕನ ಒಳ್ಳೆಯತನವನ್ನೇ ತೆಗೆದಿರಿ ಅಂದರು. ಎರಡು ದಿನ ಯೋಚಿಸಿದೆ. ಆ ಹನ್ನೊಂದು ಜನ ರಿಯಾಯಿತಿ ಕೇಳಲು ಬಂದಿರಲಿಲ್ಲ. ಅವ್ವನ ಸೀರೆ ಚೆನ್ನಾಗಿ ಹೊಲಿಯಲಿ ಅಂತ ಬಂದಿದ್ದರು. ಅವರಿಗೆ ಬೇಕಾದದ್ದನ್ನು ಶಾಂತಕ್ಕ ಈಗಲೂ ಪೂರಾ ಕೊಡುತ್ತಿದ್ದಾರೆ.

ಹೋದ ವಾರ ಫೋನ್ ಬಂತು. ಒಬ್ಬರು ಅಪ್ಪನ ಧೋತರ ತಂದಿದ್ದರಂತೆ. ಗಂಟು ಬಿಚ್ಚುವ ಮೊದಲೇ ದರ ಹೇಳಿದೆ ಅಂದರು.

"ಆಮೇಲೆ?"

"ವಿಚಾರ ಮಾಡಿ ಬರತೀನಿ ಅಂತ ಹೋದ್ರು. ಬರಲಿಲ್ಲ."

"ನಿದ್ದೆ?"

"ಎರಡ ರಾತ್ರಿ ಬರಲಿಲ್ರೀ. ನಿನ್ನಿ ಮಲಗಿದ್ನಿ."

ಮುಂದಿನ ಬುಧವಾರ ಬರುತ್ತಾರೆ. ಪುಸ್ತಕ ತನ್ನಿ ಅಂದಿದ್ದೇನೆ.