ಹನ್ನೆರಡು ವರ್ಷಕ್ಕೊಮ್ಮೆ ಬರುವ ತಂಡ

ಓದುಗರ ಪತ್ರ: “ಮಾನ್ಯ ಸಂಪಾದಕರೇ, ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡಿನ ಆಟಗಾರರನ್ನು ಕಲೆಹಾಕಿ ಕಟ್ಟುವ ಲಯನ್ಸ್ ರಗ್ಬಿ ತಂಡಕ್ಕೆ ನೀವು ಎರಡು ಪುಟ ಕೊಟ್ಟಿರಿ. ಸ್ವಂತ ದೇಶವಿಲ್ಲ, ಧ್ವಜವಿಲ್ಲ, ರಾಷ್ಟ್ರಗೀತೆಯಿಲ್ಲ. ಇಂಥ ತಂಡ ಗೆದ್ದರೆಷ್ಟು, ಸೋತರೆಷ್ಟು? 2007ರ ಜೂನ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಏಷ್ಯಾ ಇಲೆವೆನ್, ಆಫ್ರಿಕಾ ಇಲೆವೆನ್ ಕ್ರಿಕೆಟ್ ಪಂದ್ಯ ನೋಡಿದ್ದೆ. ಯಾರು ಗೆದ್ದರೆಂಬುದೂ ಈಗ ನೆನಪಿಲ್ಲ. ಈ ಕಲಬೆರಕೆ ತಂಡಗಳೆಲ್ಲ ಟಿಕೆಟ್ ಮಾರುವ ಉಪಾಯವಲ್ಲವೆ?” (ದಾವಣಗೆರೆಯ ಓದುಗರು)

ಸಂಪಾದಕರ ಉತ್ತರ:

ಅಂದು ಗೆದ್ದದ್ದು ಏಷ್ಯಾ. ಸರಣಿಯ ಮೂರೂ ಪಂದ್ಯ ಅದರದ್ದೇ. ನಿಮಗೆ ನೆನಪಿಲ್ಲದಿರುವುದು ನಿಮ್ಮ ತಪ್ಪಲ್ಲ, ಆ ಸರಣಿಯ ತಪ್ಪು. ಅದನ್ನು ನೋಡಿದ ಬಹುಪಾಲು ಜನ ನಿಮ್ಮಂತೆಯೇ ಮರೆತಿದ್ದಾರೆ. ನಿಮ್ಮ ಪ್ರಶ್ನೆ ಒಳ್ಳೆಯದು. ಆದರೆ ಚಿನ್ನಸ್ವಾಮಿಯ ಒಂದು ಸಂಜೆಯ ತಕ್ಕಡಿಯಲ್ಲಿಟ್ಟು ನೀವು ಲಯನ್ಸ್ ತಂಡವನ್ನು ತೂಗಿದ್ದೀರಿ. ಅದಕ್ಕೇ ಈ ಉತ್ತರ ಕೊಂಚ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಿಮ್ಮ ಮಾತಿನಲ್ಲಿ ಹುರುಳಿದೆ ಎಂಬುದನ್ನು ಮೊದಲೇ ಒಪ್ಪುತ್ತೇನೆ. ಹೆಸರುವಾಸಿಗಳನ್ನು ಒಂದೆಡೆ ಸೇರಿಸಿದ ಮಾತ್ರಕ್ಕೆ ತಂಡವಾಗುವುದಿಲ್ಲ. 2005ರ ಅಕ್ಟೋಬರಿನಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ವಿಶ್ವ ಇಲೆವೆನ್ ಟೆಸ್ಟ್ ಆಡಿತಲ್ಲ, ಅದರಲ್ಲಿ ನಮ್ಮ ದ್ರಾವಿಡ್ ಇದ್ದರು, ಸೆಹ್ವಾಗ್ ಇದ್ದರು, ಲಾರಾ, ಕಾಲಿಸ್, ಮುರಳೀಧರನ್ ಇದ್ದರು. ಆರು ದಿನಕ್ಕೆಂದು ಗೊತ್ತು ಮಾಡಿದ್ದ ಪಂದ್ಯ ನಾಲ್ಕನೇ ದಿನ ಮುಗಿಯಿತು, ವಿಶ್ವ ತಂಡ 210 ರನ್‌ಗಳಿಂದ ಸೋತಿತು. ಒಟ್ಟಿಗಿದ್ದದ್ದೇ ಕೆಲವು ದಿನ. ಯಾರು ಯಾರಿಗೆ ಸ್ಲಿಪ್‌ನಲ್ಲಿ ಎಲ್ಲಿ ನಿಲ್ಲಬೇಕೆಂಬುದು ಕೈಗೆ ಕೂರುವಷ್ಟರಲ್ಲಿ ಗಂಟುಮೂಟೆ ಕಟ್ಟುವ ಹೊತ್ತಾಗಿತ್ತು.

ಲಯನ್ಸ್ ಪ್ರವಾಸ ಬೇರೆ ಜಾತಿಯದು. ನಾಲ್ಕು ವರ್ಷಕ್ಕೊಮ್ಮೆ ಹೊರಡುವ ಈ ತಂಡ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳಿಗೆ ಸರದಿಯಂತೆ ಹೋಗುತ್ತದೆ. ಹಾಗಾಗಿ ಒಂದು ದೇಶಕ್ಕೆ ಲಯನ್ಸ್ ಬರುವುದು ಹನ್ನೆರಡು ವರ್ಷಕ್ಕೊಮ್ಮೆ. ಶ್ರವಣಬೆಳಗೊಳದ ಮಸ್ತಕಾಭಿಷೇಕಕ್ಕೆ ಕಾಯುವ ನಮಗೆ ಆ ಅವಧಿಯ ತೂಕವನ್ನು ಬಿಡಿಸಿ ಹೇಳಬೇಕಿಲ್ಲ. ರಗ್ಬಿ ಆಟಗಾರನ ಅಂತರರಾಷ್ಟ್ರೀಯ ಆಯುಸ್ಸು ಸಾಮಾನ್ಯವಾಗಿ ಹತ್ತು–ಹನ್ನೆರಡು ವರ್ಷ ದಾಟುವುದಿಲ್ಲ. ಅಂದರೆ ನ್ಯೂಜಿಲೆಂಡಿನ ಒಬ್ಬ ಹುಡುಗನಿಗೆ ಲಯನ್ಸ್ ಎದುರು ಆಡುವ ಅವಕಾಶ ಬದುಕಿನಲ್ಲಿ ಬಹುಮಟ್ಟಿಗೆ ಒಂದೇ ಸಲ, ಅದೂ ಆ ವರ್ಷ ಅವನ ಮಂಡಿ ನೆಟ್ಟಗಿದ್ದರೆ. ವಿಶ್ವಕಪ್ ಕೈತಪ್ಪಿದರೆ ನಾಲ್ಕು ವರ್ಷಕ್ಕೆ ಮತ್ತೆ ಬರುತ್ತದೆ. ಇದು ಹಾಗಲ್ಲ.

ಧ್ವಜವಿಲ್ಲ ಎಂದಿರಿ. ಅಂಗಿಯನ್ನು ನೋಡಿ. 1950ರಿಂದ ಇಂದಿನವರೆಗೆ ಜೆರ್ಸಿ ಕೆಂಪು, ಚಡ್ಡಿ ಬಿಳಿ, ಕಾಲುಚೀಲ ನೀಲಿ, ಆ ಕಾಲುಚೀಲದ ಮೇಲಂಚು ಹಸಿರು. ವೇಲ್ಸ್, ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ನಾಲ್ಕೂ ಒಂದೇ ಮೈಮೇಲೆ. ಇದೇ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ವರ್ಷಕ್ಕೊಮ್ಮೆ ಕಲ್ಕತ್ತಾ ಕಪ್‌ಗಾಗಿ ಹಲ್ಲು ಕಚ್ಚಿ ಸೆಣಸುತ್ತವೆ. ಆ ಕಪ್ ನಮ್ಮ ಬೆಳ್ಳಿ ರೂಪಾಯಿಯದು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಕಲ್ಕತ್ತಾದ ರಗ್ಬಿ ಕ್ಲಬ್ಬು ಮುಚ್ಚುವಾಗ ಬ್ಯಾಂಕಿನಲ್ಲಿದ್ದ ರೂಪಾಯಿಗಳನ್ನು ತೆಗೆಸಿ, ಕರಗಿಸಿ, ಮೂರು ನಾಗರ ಹಾವುಗಳನ್ನೇ ಹಿಡಿಕೆಯಾಗಿಸಿ, ಮುಚ್ಚಳದ ಮೇಲೆ ಆನೆ ಕೂರಿಸಿ ಮಾಡಿಸಿದ ಪಾತ್ರೆ ಅದು. 1879ರಿಂದ ಅದಕ್ಕಾಗಿ ಕಾದಾಡುತ್ತಿರುವವರು ನಾಲ್ಕು ವರ್ಷಕ್ಕೊಮ್ಮೆ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಇದನ್ನು ಅಕ್ಷರಶಃ ಹೇಳುತ್ತಿದ್ದೇನೆ. ಬೇರೆ ಬೇರೆ ದೇಶದವರನ್ನು ಬೇಕೆಂದೇ ಒಂದೇ ಕೋಣೆಗೆ ಹಾಕುವುದು ಲಯನ್ಸ್ ಪ್ರವಾಸದ ಹಳೆಯ ಪದ್ಧತಿ.

ಅದರ ಫಲ ಕಾಣುವುದು ಸ್ಕ್ರಮ್‌ನಲ್ಲಿ. ಎರಡೂ ಕಡೆ ಎಂಟೆಂಟು ಮಂದಿ ಒಬ್ಬರನ್ನೊಬ್ಬರು ತಬ್ಬಿ, ಬಾಗಿ, ತಲೆಗಳನ್ನು ಸಂದಿಯಲ್ಲಿ ತೂರಿಸಿ ಚೆಂಡಿಗಾಗಿ ತಳ್ಳಾಡುವುದಕ್ಕೆ ಸ್ಕ್ರಮ್ ಎನ್ನುತ್ತಾರೆ. ಈ ಕಾಲದ ಎಂಟು ಜನರ ತೂಕ ಕೂಡಿಸಿದರೆ 900 ಕಿಲೋ ಆಸುಪಾಸು. ಮುಂದಿನ ಸಾಲಿನಲ್ಲಿ ಮೂವರು: ಎಡಗಡೆ ಲೂಸ್‌ಹೆಡ್ ಪ್ರಾಪ್, ನಡುವೆ ಹುಕರ್, ಬಲಗಡೆ ಟೈಟ್‌ಹೆಡ್ ಪ್ರಾಪ್. ಎಡಗಡೆಯವನಿಗೆ ಒಂದು ಭುಜದ ಮೇಲೆ ಮಾತ್ರ ಎದುರಾಳಿಯ ಭಾರ. ಬಲಗಡೆಯವನ ತಲೆ ಇಬ್ಬರು ಎದುರಾಳಿಗಳ ನಡುವೆ ಸಿಕ್ಕಿರುವುದರಿಂದ ಎರಡೂ ಭುಜಕ್ಕೆ ಭಾರ. ಅವನ ಸೊಂಟ ಭುಜಕ್ಕಿಂತ ಮೇಲೆದ್ದರೆ ಸಾಕು, ಇಡೀ ಸಾಲು ಕುಸಿಯುತ್ತದೆ. ಕುಸಿದರೆ ಎದುರಾಳಿಗೆ ಪೆನಾಲ್ಟಿ, ಅದನ್ನು ಗೋಲು ಕಂಬಗಳ ನಡುವೆ ಒದ್ದರೆ ಮೂರು ಅಂಕ. ಪಾದ ಎಷ್ಟು ಹಿಂದಿಡಬೇಕು, ಪಕ್ಕದವನ ಅಂಗಿಯನ್ನು ಕಂಕುಳಲ್ಲಿ ಹಿಡಿಯಬೇಕೋ ಸೊಂಟದಲ್ಲೋ, ಹಿಂದಿನವರ ತಳ್ಳು ಯಾವ ಕ್ಷಣಕ್ಕೆ ಬರಬೇಕು ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಇವು ಹೊಂದಿಕೊಳ್ಳಲು ವಾರಗಳೇ ಬೇಕು. ಹೊಂದದಿದ್ದರೆ ಎಂಟು ಬಲಶಾಲಿಗಳು ಎಂಟು ದಿಕ್ಕಿಗೆ ತಳ್ಳುತ್ತಾರೆ.

ಇದಕ್ಕೆ 2009ರ ದಕ್ಷಿಣ ಆಫ್ರಿಕಾ ಪ್ರವಾಸಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಡರ್ಬನ್‌ನ ಮೊದಲ ಟೆಸ್ಟ್‌ನಲ್ಲಿ (ರಗ್ಬಿಯಲ್ಲಿ ದೇಶದ ತಂಡದ ಎದುರಿನ ಪಂದ್ಯಕ್ಕೆ ಟೆಸ್ಟ್ ಎನ್ನುತ್ತಾರೆ) ಲಯನ್ಸ್‌ನ ಟೈಟ್‌ಹೆಡ್, ಇಂಗ್ಲೆಂಡಿನ ಫಿಲ್ ವಿಕರಿಯನ್ನು ದಕ್ಷಿಣ ಆಫ್ರಿಕಾದ ಟೆಂಡಾಯ್ ಮ್ಟವರೀರಾ ಮತ್ತೆ ಮತ್ತೆ ಎತ್ತಿ ಹಾಕಿದ, ಪೆನಾಲ್ಟಿಗಳು ಉದುರಿದವು, ಲಯನ್ಸ್ 21–26ರಲ್ಲಿ ಸೋತಿತು. ಎರಡನೇ ಟೆಸ್ಟ್‌ಗೆ ಮುಂದಿನ ಸಾಲಿಗೆ ಮೂವರೂ ವೇಲ್ಸಿನವರು: ಗೆಥಿನ್ ಜೆಂಕಿನ್ಸ್, ಮ್ಯಾಥ್ಯೂ ರೀಸ್, ಆಡಂ ಜೋನ್ಸ್. ಸ್ಕ್ರಮ್ ಬಂಡೆಯಂತೆ ನಿಂತಿತು. ಜೆಂಕಿನ್ಸ್, ಜೋನ್ಸ್ ಇಬ್ಬರೂ ಗಾಯಗೊಂಡು ಹೊರಹೋದ ಮೇಲೆ ತಳ್ಳಾಟವಿಲ್ಲದ ಸ್ಕ್ರಮ್ ಆಡಬೇಕಾಯಿತು, ಕೊನೆಯ ಗಳಿಗೆಯಲ್ಲಿ ಮೋರ್ನೆ ಸ್ಟೇನ್ ಒದ್ದ ಪೆನಾಲ್ಟಿಗೆ 25–28ರಲ್ಲಿ ಸರಣಿಯೇ ಹೋಯಿತು. “ನೋಡಿ, ಒಂದೇ ದೇಶದವರನ್ನು ಹಾಕಿದ ಮೇಲೆ ತಾನೆ ಸರಿಹೋಯಿತು” ಎಂದು ನೀವು ಕೇಳಬಹುದು. ಹಾಗಿದ್ದರೆ 1997ಕ್ಕೆ ಬನ್ನಿ. ಅದೇ ದಕ್ಷಿಣ ಆಫ್ರಿಕಾ, ಆಗ ವಿಶ್ವ ಚಾಂಪಿಯನ್. ಅವರ ಲೂಸ್‌ಹೆಡ್ ಓಸ್ ಡ್ಯು ರಾಂಟ್ ದೈತ್ಯ. ಲಯನ್ಸ್ ಆರಿಸಿದ್ದು ಸ್ಕಾಟ್ಲೆಂಡಿನ ಟಾಮ್ ಸ್ಮಿತ್, ಐರ್ಲೆಂಡಿನ ಕೀತ್ ವುಡ್, ಪಾಲ್ ವಾಲೇಸ್. ಆ ಇಬ್ಬರು ಪ್ರಾಪ್‌ಗಳೂ ಗಿಡ್ಡ. ಮುಂಪಡೆಯ ತರಬೇತುದಾರ ಜಿಮ್ ಟೆಲ್ಫರ್ ಅವರನ್ನು ಸ್ಕ್ರಮ್ ಯಂತ್ರಕ್ಕೆ ಹೂಡಿ ಕೆಳಗೆ, ಇನ್ನೂ ಕೆಳಗೆ ಬಾಗಿಸಿದರು. ದೈತ್ಯರು ಅಷ್ಟು ಕೆಳಗೆ ಬರಲಾರದೆ ತೊಡರಿದರು. ಕೇಪ್‌ಟೌನ್‌ನಲ್ಲಿ 25–16. ಡರ್ಬನ್‌ನಲ್ಲಿ ಎದುರಾಳಿಗಳು ಮೂರು ಟ್ರೈ (ಚೆಂಡನ್ನು ಎದುರು ತಂಡದ ಗೆರೆ ದಾಟಿಸಿ ನೆಲಕ್ಕೊತ್ತುವುದು) ಗಳಿಸಿದರೂ ಗುರಿಗೆ ಒದ್ದ ಒಂದೂ ಚೆಂಡು ಕಂಬದೊಳಗೆ ಹೋಗಲಿಲ್ಲ. ಲಯನ್ಸ್ ಪರ ನೀಲ್ ಜೆಂಕಿನ್ಸ್ ಐದು ಪೆನಾಲ್ಟಿ ಒದ್ದ, ಜೆರೆಮಿ ಗಸ್ಕಾಟ್ ಚೆಂಡನ್ನು ನೆಲಕ್ಕೆ ಪುಟಿಸಿ ಕಂಬಗಳ ನಡುವೆ ಡ್ರಾಪ್ ಗೋಲ್ ಒದ್ದ, 18–15, ಸರಣಿ ಕೈವಶ. ಆ ಪ್ರವಾಸಕ್ಕೆ 13 ಪಂದ್ಯಗಳಿದ್ದವು. ಕೆಳಗೆ ಬಾಗಲು ಕಲಿಯುವುದಕ್ಕೆ ಸಮಯವಿತ್ತು.

ಚೆಂಡು ಅಂಚುಗೆರೆ ದಾಟಿ ಹೊರಹೋದಾಗ ಆಟವನ್ನು ಮತ್ತೆ ಶುರುಮಾಡುವ ಲೈನ್‌ಔಟ್ ಇನ್ನೂ ಸೂಕ್ಷ್ಮ. ಹುಕರ್ ಅಂಚಿನಿಂದ ಚೆಂಡು ಎಸೆಯುತ್ತಾನೆ, ಇಬ್ಬರು ಸೇರಿ ಒಬ್ಬನನ್ನು ಮೇಲೆತ್ತುತ್ತಾರೆ. ಎತ್ತಿಸಿಕೊಂಡವನು ತುದಿ ಮುಟ್ಟುವ ಮೊದಲೇ ಚೆಂಡು ಕೈಬಿಟ್ಟಿರಬೇಕು. ಯಾರಿಗೆ ಎಂಬುದು ಸಂಕೇತದಲ್ಲಿ. ನಾಲ್ಕು ದೇಶದವರು ತಮ್ಮ ತಮ್ಮ ಸಂಕೇತ ಮರೆತು ಹೊಸದೊಂದನ್ನು ಕಲಿಯಬೇಕು, ಎದುರಾಳಿ ಅದನ್ನು ಓದದಂತೆಯೂ ನೋಡಿಕೊಳ್ಳಬೇಕು. 2001ರಲ್ಲಿ ಸಿಡ್ನಿಯ ನಿರ್ಣಾಯಕ ಟೆಸ್ಟ್‌ನ ಕೊನೆಯಲ್ಲಿ ನಾಯಕ ಮಾರ್ಟಿನ್ ಜಾನ್ಸನ್‌ಗೆಂದು ಎಸೆದ ಚೆಂಡನ್ನು ಆಸ್ಟ್ರೇಲಿಯಾದ ಜಸ್ಟಿನ್ ಹ್ಯಾರಿಸನ್ ಗಾಳಿಯಲ್ಲೇ ಕಸಿದ. 23–29. ಎರಡು ತಿಂಗಳ ದುಡಿಮೆ ಒಂದು ಎಸೆತಕ್ಕೆ ಹೋಯಿತು. ಟಿಕೆಟ್ ಮಾರಲೆಂದೇ ಕಟ್ಟಿದ ತಂಡ ಅಂಥ ಸೋಲಿಗೆ ಅಳುವುದಿಲ್ಲ.

ನನ್ನ ಮನಸ್ಸು ಹೆಚ್ಚು ವಾಲುವುದು ವಾರದ ನಡುವಿನ ಪಂದ್ಯಗಳ ಕಡೆಗೆ. ಶನಿವಾರ ಟೆಸ್ಟ್ ಆಡುವ ತಂಡ ಒಂದು. ಮಂಗಳವಾರವೋ ಬುಧವಾರವೋ ಪ್ರಾಂತ್ಯದ ತಂಡಗಳ ಎದುರು, ಕ್ಯಾಮೆರಾ ಅಷ್ಟಾಗಿ ತಿರುಗದ ಊರುಗಳಲ್ಲಿ ಆಡುವ ತಂಡ ಇನ್ನೊಂದು. ಈ ಎರಡನೆಯದು ಸೊರಗಿದರೆ ಪ್ರವಾಸವೇ ಸೊರಗುತ್ತದೆ. 1971ರಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲ ಟೆಸ್ಟ್‌ಗೆ ಒಂದು ವಾರವಿರುವಾಗ ಕ್ಯಾಂಟರ್‌ಬರಿ ಎದುರಿನ ಪಂದ್ಯ ಬಡಿದಾಟವಾಯಿತು. ಟೆಸ್ಟ್‌ಗೆ ಗೊತ್ತಾಗಿದ್ದ ಇಬ್ಬರು ಪ್ರಾಪ್‌ಗಳೂ ಪ್ರವಾಸದಿಂದಲೇ ಹೊರಬಿದ್ದರು. ಸ್ಯಾಂಡಿ ಕಾರ್ಮೈಕಲ್‌ನ ಕೆನ್ನೆಯ ಮೂಳೆ, ರೇ ಮೆಕ್‌ಲಾಕ್ಲಿನ್‌ನ ಹೆಬ್ಬೆರಳು ಮುರಿದಿದ್ದವು. ಅವರ ಜಾಗಕ್ಕೆ ಬಂದವರು ಷಾನ್ ಲಿಂಚ್ ಮತ್ತು ಇಯಾನ್ ಮೆಕ್‌ಲಾಕ್ಲನ್. ಡನೀಡಿನ್‌ನ ಆ ಟೆಸ್ಟ್‌ನ ಏಕೈಕ ಟ್ರೈ ಈ ಮೆಕ್‌ಲಾಕ್ಲನ್‌ನದು: ಎದುರಾಳಿ ಒದೆಯುವಾಗ ಮೈಯೊಡ್ಡಿ ಚೆಂಡು ತಡೆದು ಅದರ ಮೇಲೆ ಬಿದ್ದ. 9–3. ಕಾರ್ವಿನ್ ಜೇಮ್ಸ್ ತರಬೇತಿಯ, ಜಾನ್ ಡಾವ್ಸ್ ನಾಯಕತ್ವದ ಆ ತಂಡ 2–1ರಿಂದ ಸರಣಿ ಗೆದ್ದಿತು, ಕೊನೆಯ ಟೆಸ್ಟ್ 14–14ರಲ್ಲಿ ಸಮವಾಯಿತು. ನ್ಯೂಜಿಲೆಂಡಿನಲ್ಲಿ ಲಯನ್ಸ್ ಗೆದ್ದ ಒಂದೇ ಒಂದು ಸರಣಿ ಅದು.

ತದ್ವಿರುದ್ಧ ಪಾಠ 2005ರ ನ್ಯೂಜಿಲೆಂಡ್ ಪ್ರವಾಸದ್ದು. ತರಬೇತುದಾರ ಕ್ಲೈವ್ ವುಡ್‌ವರ್ಡ್ ನಲವತ್ತಕ್ಕೂ ಹೆಚ್ಚು ಆಟಗಾರರನ್ನು ಕರೆದೊಯ್ದು, ತಂಡವನ್ನು ಶುರುವಿನಿಂದಲೇ ಎರಡಾಗಿ ಸೀಳಿದರು. ವಾರದ ನಡುವಿನ ತಂಡ ಒಂದೂ ಪಂದ್ಯ ಸೋಲಲಿಲ್ಲ. ಆದರೆ ಅಲ್ಲಿಂದ ಇಲ್ಲಿಗೆ ಬರುವ ಏಣಿಯನ್ನೇ ತೆಗೆದಿಟ್ಟಿದ್ದರಿಂದ ಟೆಸ್ಟ್ ತಂಡ ಮೂರಕ್ಕೆ ಮೂರೂ ಸೋತಿತು. ಹಾಡು ಬೇಕೆಂದು ಒಂದನ್ನು ಬರೆಸಿಯೂ ಇದ್ದರು, ಯಾರ ಬಾಯಲ್ಲೂ ನಿಲ್ಲಲಿಲ್ಲ. ರಾಷ್ಟ್ರಗೀತೆ ಇಲ್ಲವೆಂಬ ನಿಮ್ಮ ಆಕ್ಷೇಪಕ್ಕೆ ನನ್ನ ಉತ್ತರವೂ ಇದೇ: ಇಲ್ಲ, ಬೇಕಾಗಿಯೂ ಇಲ್ಲ.

ಲಯನ್ಸ್ ಇತಿಹಾಸವೆಲ್ಲ ಹೊಳಪೇ ಎಂದರೆ ಸುಳ್ಳಾದೀತು. 1974ರಲ್ಲಿ ವಿಲ್ಲಿ ಜಾನ್ ಮೆಕ್‌ಬ್ರೈಡ್ ನಾಯಕತ್ವದಲ್ಲಿ 22 ಪಂದ್ಯಗಳಲ್ಲಿ 21 ಗೆದ್ದು ಒಂದನ್ನು ಸಮ ಮಾಡಿಕೊಂಡ ತಂಡ ಹೋದದ್ದು ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ, ಬ್ರಿಟಿಷ್ ಸರ್ಕಾರದ ವಿರೋಧದ ನಡುವೆಯೇ. ವೇಲ್ಸಿನ ಜಾನ್ ಟೇಲರ್ 1968ರಲ್ಲಿ ಅಲ್ಲಿಗೆ ಹೋಗಿ ಕಣ್ಣಾರೆ ಕಂಡು ಬಂದವನು. ಆಮೇಲೆ ಆ ದೇಶದ ವಿರುದ್ಧ ಆಡಲೊಲ್ಲೆ ಎಂದ. ನನಗೆ ಆ 21 ಗೆಲುವುಗಳಿಗಿಂತ ಟೇಲರ್‌ನ ನಿರಾಕರಣೆ ದೊಡ್ಡದು.

ಇನ್ನು ನನ್ನ ಅಳಲು. 1971ರಲ್ಲಿ ನ್ಯೂಜಿಲೆಂಡ್ ಒಂದರಲ್ಲೇ 24 ಪಂದ್ಯ, 1997ರಲ್ಲಿ 13, 2025ರಲ್ಲಿ ಆಸ್ಟ್ರೇಲಿಯಾದಲ್ಲಿ 9. ಇಂಗ್ಲೆಂಡಿನ ಕ್ಲಬ್ ಲೀಗಿನ ಫೈನಲ್ ಮುಗಿದದ್ದು ಜೂನ್ 14ಕ್ಕೆ. ಜೂನ್ 20ಕ್ಕೆ ಲಯನ್ಸ್ ಡಬ್ಲಿನ್‌ನಲ್ಲಿ ಅರ್ಜೆಂಟೀನಾ ಎದುರು ಇಳಿದು 24–28ರಲ್ಲಿ ಸೋತಿತು. ಸ್ಕಾಟ್ಲೆಂಡಿನ ಬ್ಲೇರ್ ಕಿಂಗ್‌ಹಾರ್ನ್ ಫ್ರಾನ್ಸಿನ ಲೀಗಿನ ಫೈನಲ್ ಮುಗಿಸಿಕೊಂಡು ಬರುವ ಹೊತ್ತಿಗೆ ತಂಡ ಪರ್ತ್‌ನಲ್ಲಿ ಒಂದು ಪಂದ್ಯ ಆಡಿಯಾಗಿತ್ತು. ಆಸ್ಟ್ರೇಲಿಯಾದವರೋ, ತಮ್ಮ ಟೆಸ್ಟ್ ಆಟಗಾರರಲ್ಲಿ ಅನೇಕರನ್ನು ಪ್ರಾಂತ್ಯದ ತಂಡಗಳಿಗೆ ಬಿಟ್ಟುಕೊಡಲಿಲ್ಲ. ಹೀಗೆ ಎರಡೂ ಕಡೆಯಿಂದ ಕೊರೆಯುತ್ತ ಹೋದರೆ ಲಯನ್ಸ್ ಕೂಡ ಒಂದು ದಿನ ನೀವು ಚಿನ್ನಸ್ವಾಮಿಯಲ್ಲಿ ನೋಡಿದ್ದರ ಹಾಗೆಯೇ ಆಗುತ್ತದೆ. ಫಿಜಿ, ಸಮೋವಾ, ಟೋಂಗಾ ಸೇರಿ ಕಟ್ಟಿದ ಪೆಸಿಫಿಕ್ ಐಲ್ಯಾಂಡರ್ಸ್ ತಂಡಕ್ಕೆ ಆದದ್ದು ಇದೇ. 2004, 2006, 2008ರ ಮೂರು ಪ್ರವಾಸಗಳಲ್ಲಿ ಟೆಸ್ಟ್ ಗೆದ್ದದ್ದು ಒಂದೇ ಸಲ, ಇಟಲಿ ಎದುರು. ಆಟಗಾರರಿಗೇನೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಒಟ್ಟಿಗಿರುವ ದಿನಗಳಿಗೆ. ಪ್ರವಾಸ ಬೆಳೆಸುವ ಬದಲು ತಂಡವನ್ನೇ ಕೈಬಿಟ್ಟರು.

ನಮ್ಮ ಕ್ರಿಕೆಟ್ಟೂ ಇದೇ ಹಾದಿಯಲ್ಲಿದೆ. ವಿದೇಶಿ ತಂಡಗಳು ವಲಯ ತಂಡಗಳೊಡನೆ, ಬೋರ್ಡ್ ಅಧ್ಯಕ್ಷರ ಇಲೆವೆನ್ ಜೊತೆ ಆಡುತ್ತ ಊರೂರು ಸುತ್ತಿ ಟೆಸ್ಟ್‌ಗೆ ಬರುತ್ತಿದ್ದ ಕಾಲ ಹೋಯಿತು. 2024ರಲ್ಲಿ ಇಂಗ್ಲೆಂಡ್ ಅಬುಧಾಬಿಯಲ್ಲಿ ಅಭ್ಯಾಸ ಮಾಡಿ, ಭಾರತದಲ್ಲಿ ಒಂದೂ ಅಭ್ಯಾಸ ಪಂದ್ಯವಿಲ್ಲದೆ ನೇರ ಹೈದರಾಬಾದಿನಲ್ಲಿ ಟೆಸ್ಟ್‌ಗೆ ಇಳಿಯಿತು. ಅದನ್ನು ಗೆದ್ದಿತು, ನಿಜ. ಮುಂದಿನ ನಾಲ್ಕನ್ನೂ ಸೋತಿತು. ಸಣ್ಣ ಊರಿನ ಮೈದಾನದಲ್ಲಿ ಅಂತರರಾಷ್ಟ್ರೀಯ ಬೌಲರನ್ನು ಎದುರಿಸುವ ಅವಕಾಶ ನಮ್ಮ ಹುಡುಗರಿಗೂ ತಪ್ಪಿತು. ಪತ್ರ ಬರೆಯುವುದಾದರೆ ನೀವು ಇದರ ಬಗ್ಗೆ ಬರೆಯಬೇಕಿತ್ತು.

ಇಷ್ಟಾದರೂ 2025ರ ಜುಲೈ 26ರ ಮೆಲ್ಬರ್ನ್ ಟೆಸ್ಟ್ ಅನ್ನು ಹುಡುಕಿ ನೋಡಿ. 90,307 ಜನ. ಲಯನ್ಸ್ 5–23ರಿಂದ ಹಿಂದೆ ಬಿದ್ದಿತ್ತು. ಕೊನೆಯ ನಿಮಿಷದಲ್ಲಿ ಐರ್ಲೆಂಡಿನ ಹ್ಯೂಗೊ ಕೀನನ್ ಟ್ರೈ ಗಳಿಸಿ 29–26 ಮಾಡಿದ. ಅಪ್ಪಿಕೊಳ್ಳಲು ಓಡಿ ಬಂದವರಲ್ಲಿ ಯಾವ ದೇಶದವರು ಯಾರೆಂದು ನೀವೇ ಬಿಡಿಸಿ ಹೇಳಿ. ಆದರೆ ಅದಕ್ಕೆ ಮೊದಲು, ಅದೇ ಊರಿನಲ್ಲಿ ನಾಲ್ಕು ದಿನ ಮುಂಚೆ ಆಸ್ಟ್ರೇಲಿಯಾದ ಮೂಲನಿವಾಸಿಗಳು ಮತ್ತು ಪೆಸಿಫಿಕ್ ದ್ವೀಪ ಮೂಲದವರು ಸೇರಿದ ತಂಡದ ಎದುರು ನಡೆದ ಮಂಗಳವಾರದ ಪಂದ್ಯವನ್ನು ನೋಡಿ. ಅದೂ ಒಂದು ಸಂಯುಕ್ತ ತಂಡವೇ. ಲಯನ್ಸ್ 24–19ರಲ್ಲಿ ಬಚಾವಾಯಿತು. 2027ರ ಸೆಪ್ಟೆಂಬರಿನಲ್ಲಿ ಮಹಿಳಾ ಲಯನ್ಸ್ ಮೊದಲ ಬಾರಿಗೆ ನ್ಯೂಜಿಲೆಂಡಿಗೆ ಹೊರಡುತ್ತದೆ. ಆಗ ಮೊದಲ ಪಂದ್ಯದ ಮೊದಲ ಸ್ಕ್ರಮ್‌ನಲ್ಲಿ ಚೆಂಡನ್ನು ನೋಡಬೇಡಿ. ಮುಂದಿನ ಸಾಲಿನ ಮೂವರ ಕೈ ಒಬ್ಬರ ಅಂಗಿಯನ್ನೊಬ್ಬರು ಎಲ್ಲಿ ಹಿಡಿದಿವೆ ಎಂದು ನೋಡಿ. ಕೊನೆಯ ಟೆಸ್ಟ್‌ನಲ್ಲಿ ಮತ್ತೊಮ್ಮೆ ನೋಡಿ. ಏನು ಕಂಡಿತೆಂದು ಬರೆಯಿರಿ, ಪ್ರಕಟಿಸುತ್ತೇವೆ.