ಹಸು ಕಂದು ಹಾಕಿದರೆ ಸತ್ತ ಕರುವನ್ನು ತಿಪ್ಪೆಗೆ ಎಸೆಯಬೇಡಿ

ಶ್ರೀನಿವಾಸಪುರದ ಅಣ್ಣ, ಹಸು ಏಳು ತಿಂಗಳಿಗೆ ಕಂದು ಹಾಕಿದೆ, ಸರ್ಕಾರಕ್ಕೆ ಹೇಳಲೇಬೇಕಾ, ಸತ್ತ ಕರುವನ್ನು ತಿಪ್ಪೆಗೆ ಹಾಕಬಹುದಾ ಅಂತ ಕೇಳಿದ್ದೀರಿ. ತಿಪ್ಪೆಗೆ ಮಾತ್ರ ಬೇಡ. ನಮ್ಮ ಚಿಂತಾಮಣಿ ಕಡೆ ನಾವು ಅದೇ ತಪ್ಪು ಮಾಡಿದೆವು. ಬೆಳಿಗ್ಗೆ ಎದ್ದು ನೋಡಿದರೆ ನಾಯಿ ಮಾಸನ್ನು ಎಳೆದುಕೊಂಡು ಹೋಗಿ ಪಕ್ಕದ ಮನೆ ಕೊಟ್ಟಿಗೆ ಮುಂದೆ ಬಿಟ್ಟಿತ್ತು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಇದು ಬ್ರುಸೆಲ್ಲೋಸಿಸ್, ಅಂದರೆ ಹಸು ಕಂದು ಹಾಕುವಂತೆ ಮಾಡುವ ಅಂಟುರೋಗ, ಇರಬಹುದು. 2009ರ ಪ್ರಾಣಿ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪಟ್ಟಿಯಲ್ಲಿ ಈ ರೋಗ ಇದೆ, ಹಾಗಾಗಿ ಅನುಮಾನ ಬಂದರೆ ತಿಳಿಸೋದು ಮಾಲೀಕರ ಕರ್ತವ್ಯ. ಊರಿನ ಪಶು ಆಸ್ಪತ್ರೆಗೆ ಹೇಳಿ, ಇಲ್ಲ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಡಾಕ್ಟರು ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ರಿಪೋರ್ಟ್ ಬಾಯಿ ಮಾತಲ್ಲಿ ಬೇಡ, ಕಾಗದದಲ್ಲೇ ಕೇಳಿ ತಗೊಳ್ಳಿ. ಕಾನೂನು ಚೆನ್ನಾಗಿದೆ, ಆದರೆ ಬೆನ್ನು ಹತ್ತದಿದ್ದರೆ ಕೆಲಸ ಆಗಲ್ಲ.

ಕರು, ಮಾಸು, ಅದು ಬಿದ್ದ ಹುಲ್ಲು ಎಲ್ಲವನ್ನೂ ಕೆರೆ, ಬೋರ್‌ವೆಲ್‌ನಿಂದ ದೂರ ಆಳವಾದ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿ. ಬರಿಗೈಲಿ ಮುಟ್ಟಬೇಡಿ, ಮನೆಯಲ್ಲಿ ಬಸುರಿ ಹೆಣ್ಣುಮಕ್ಕಳಿದ್ದರೆ ಹತ್ತಿರವೂ ಬಿಡಬೇಡಿ. ಈ ರೋಗ ಮನುಷ್ಯರಿಗೂ ಬರುತ್ತದೆ, ಬಿಟ್ಟು ಬಿಟ್ಟು ಜ್ವರ, ಕೀಲುನೋವು. ಹಾಲು ಚೆನ್ನಾಗಿ ಕಾಯಿಸದೆ ಕುಡಿಯಬೇಡಿ.

ಇನ್ನೊಂದು, ಕೊಟ್ಟಿಗೆಯಲ್ಲಿ 4ರಿಂದ 8 ತಿಂಗಳ ಹೆಣ್ಣು ಕರು ಇದ್ದರೆ ಈ ರೋಗದ ಲಸಿಕೆ ಹಾಕಿಸಿ. ಒಂದೇ ಸಲ ಸಾಕು, ಸರ್ಕಾರವೇ ಪುಕ್ಕಟೆ ಹಾಕುತ್ತದೆ. ರಿಪೋರ್ಟ್ ಬರೋವರೆಗೆ ಆ ಹಸುವನ್ನು ಬೇರೆ ಕಟ್ಟಿ, ಸಂತೆಗೆ ಹೊಡೆಯಬೇಡಿ.